ಆಂಡೀಸ್ ಬೆಟ್ಟಗಳ ಕುರಿಗಾಹಿ ಸಂತ ತುರಿಬಿಯುಸ್



ಯಗಟಿಯ ಸುತ್ತಮುತ್ತಲ ಬಯಲಿನಲ್ಲಿ ಕುರಿ ಕಾಯುವವರನ್ನು ನೀವು ನೋಡಿಯೇ ಇರುತ್ತೀರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮೇವು ಇರುವಲ್ಲಿಗೆ ಹಿಂಡು, ಹಿಂಡು ಇರುವಲ್ಲಿಗೆ ಅವರು. ಮನೆಯ ಜಗುಲಿಯಲ್ಲಿ ಕುಳಿತು ಕುರಿ ಕಾಯಲು ಯಾರಿಂದಲೂ ಆಗದು. ಧರ್ಮಾಧ್ಯಕ್ಷರು ಹಿಡಿಯುವ ದಂಡವೂ ಕುರಿಗಾಹಿಯ ಕೋಲೇ. ಅದರ ಅರ್ಥವನ್ನು ಬದುಕಿ ತೋರಿಸಿದವರು, ದಕ್ಷಿಣ ಅಮೆರಿಕದ ಪೆರು ದೇಶದ ಸಂತ ತುರಿಬಿಯುಸ್.

ಅವರು ಹುಟ್ಟಿದ್ದು 1538ರಲ್ಲಿ, ಸ್ಪೇನ್ ದೇಶದ ಮಯೋರ್ಗಾ ಎಂಬಲ್ಲಿ. ಓದಿದ್ದು ಕಾನೂನು. ಗ್ರನಾಡಾ ನಗರದ ಧರ್ಮವಿಚಾರಣಾ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು. ಆಗಿನ್ನೂ ಅವರು ಗುರುಗಳಲ್ಲ, ನಮ್ಮ ನಿಮ್ಮಂತೆ ಶ್ರೀಸಾಮಾನ್ಯರು. ಅಂಥವರನ್ನು ಸ್ಪೇನಿನ ದೊರೆ ಎರಡನೇ ಫಿಲಿಪ್, ಸಾಗರದಾಚೆಯ ಲೀಮಾ ನಗರದ ಮಹಾಧರ್ಮಾಧ್ಯಕ್ಷ ಸ್ಥಾನಕ್ಕೆ ಸೂಚಿಸಿದರು. ತುರಿಬಿಯುಸ್ ಬೇಡವೆಂದರು. ಆದರೂ 1579ರಲ್ಲಿ ಜಗದ್ಗುರು ಹದಿಮೂರನೇ ಗ್ರೆಗೊರಿಯವರು ಅವರನ್ನೇ ನೇಮಿಸಿದರು. ಗುರುದೀಕ್ಷೆ ಪಡೆದು, ಸೆವಿಲ್ ನಗರದಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷೇಕಗೊಂಡು ಅವರು ಹಡಗು ಹತ್ತಿದರು. ಅಕ್ಕರೆಯ ಸಹೋದರಿ ಗ್ರಿಮನೇಸಾ, ಆಕೆಯ ಪತಿ ಮತ್ತು ಮಕ್ಕಳೂ ಜತೆಗೆ ಹೊರಟರು. ಒಂದು ಕುಟುಂಬವೇ ಊರು ಬಿಟ್ಟು ಸೇವೆಗೆ ಹೋಯಿತು.

1581ರಲ್ಲಿ ಅವರು ಇಳಿದದ್ದು ಲೀಮಾದಲ್ಲಲ್ಲ, ದೂರದ ಪೈತಾ ಬಂದರಿನಲ್ಲಿ. ಅಲ್ಲಿಂದ ಮರಳುಗಾಡಿನ ಕರಾವಳಿಯಲ್ಲಿ ಸುಮಾರು ಸಾವಿರ ಕಿಲೋಮೀಟರ್ ನೆಲದ ಹಾದಿ. ಹಾದಿಯುದ್ದಕ್ಕೂ ಜನರನ್ನು ನೋಡುತ್ತಲೇ ಅವರು ತಮ್ಮ ಪಟ್ಟಣ ಸೇರಿದರು.

ಅವರು ಕಂಡದ್ದೇನು? ಸ್ಪೇನಿಗರು ಆ ನಾಡನ್ನು ಕತ್ತಿಯಿಂದ ಗೆದ್ದು ಇನ್ನೂ ಐವತ್ತು ವರ್ಷವಾಗಿತ್ತು. ಕತ್ತಿಯ ಹಿಂದೆಯೇ ಶಿಲುಬೆಯೂ ಬಂದಿತ್ತು. ಮೂಲನಿವಾಸಿಗಳಿಗೆ ಗಣಿಗಳಲ್ಲಿ ಬಲವಂತದ ದುಡಿತ. ಜ್ಞಾನಸ್ನಾನ ಪಡೆದಿದ್ದರೂ ಪಡೆದದ್ದು ಏನೆಂದು ಅನೇಕರಿಗೆ ತಿಳಿಯದು. ಅರ್ಥವಾಗದ ಭಾಷೆಯಲ್ಲಿ ಜಪ ಬಾಯಿಪಾಠ ಮಾಡಿಸಿದ್ದರು. ವ್ಯಾಪಾರಕ್ಕಿಳಿದ ಗುರುಗಳೂ ಇದ್ದರು.

ತುರಿಬಿಯುಸ್ ಮರುವರ್ಷವೇ ಧರ್ಮಾಧ್ಯಕ್ಷರ ಸಭೆ ಕರೆದರು. 1582-83ರ ಆ ಸಭೆ ಮೂರನೇ ಲೀಮಾ ಸಭೆಯೆಂದು ಹೆಸರಾಗಿದೆ. ಜನರಿಗೆ ಅವರ ಮಾತಿನಲ್ಲೇ ಧರ್ಮೋಪದೇಶ ನೀಡಬೇಕೆಂದು ಅದು ವಿಧಿಸಿತು. ಸ್ಪ್ಯಾನಿಷ್, ಕೆಚುವಾ, ಐಮಾರಾ ಮೂರು ಭಾಷೆಗಳ ಧರ್ಮೋಪದೇಶದ ಪುಸ್ತಕ 1584ರಲ್ಲಿ ಲೀಮಾದಲ್ಲಿ ಅಚ್ಚಾಯಿತು. ದಕ್ಷಿಣ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕವೇ ಅದು! ಮಹಾಧರ್ಮಾಧ್ಯಕ್ಷರು ತಾವೂ ಕೆಚುವಾ ಕಲಿತರು. ಕೆಲವು ದಶಕಗಳ ನಂತರ ನಮ್ಮ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಫಾದರ್ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಇಬ್ಬರದೂ ಒಂದೇ ದಾರಿ.

ವ್ಯಾಪಾರ ಮಾಡುವ ಗುರುಗಳಿಗೆ ಬಹಿಷ್ಕಾರದ ಶಿಕ್ಷೆಯೆಂದು ಸಭೆ ಸಾರಿದಾಗ ದೊಡ್ಡ ಗದ್ದಲವೆದ್ದಿತು. ಕೆಲವರು ರೋಮ್‌ವರೆಗೂ ದೂರು ಕೊಂಡೊಯ್ದರು. ತುರಿಬಿಯುಸ್ ಜಗ್ಗಲಿಲ್ಲ. 1588ರಲ್ಲಿ ರೋಮ್ ಸಭೆಯ ತೀರ್ಮಾನಗಳಿಗೆ ಒಪ್ಪಿಗೆ ನೀಡಿತು. 1591ರಲ್ಲಿ ಅವರು ಲೀಮಾದಲ್ಲಿ ಗುರುಮಠ ಸ್ಥಾಪಿಸಿದರು. ಅದರ ಬಾಗಿಲ ಮೇಲೆ ಯಾರ ಲಾಂಛನವಿರಬೇಕು ಎಂಬ ವಿಷಯಕ್ಕೆ ವೈಸರಾಯ್ ಜತೆ ಜಗಳವಾಗಿ ಗುರುಮಠವನ್ನು ಕೆಲಕಾಲ ಮುಚ್ಚಬೇಕಾಯಿತು. ಒಂದು ಮಾತನ್ನು ಮುಚ್ಚಿಡಬಾರದು: ಅವರ ಕಾಲದಲ್ಲಿ ಗುರುಪಟ್ಟದ ಬಾಗಿಲು ಮೂಲನಿವಾಸಿಗಳಿಗೆ ತೆರೆಯಲೇ ಇಲ್ಲ. ಸಂತರೂ ತಮ್ಮ ಕಾಲದ ಮಿತಿಯೊಳಗೇ ದುಡಿದವರು.

ಇನ್ನು ಅವರ ನಡಿಗೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ಅದನ್ನು ಹತ್ತುವಾಗಲೇ ನಮಗೆ ಏದುಸಿರು. ಆಂಡೀಸ್ ಪರ್ವತದ ಕಣಿವೆದಾರಿಗಳು 4,000 ಮೀಟರ್ ದಾಟುತ್ತವೆ. ಉಸಿರಿಗೆ ಗಾಳಿ ಸಾಲದು, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿಂದ ಇಳಿದರೆ ಸೊಳ್ಳೆ ಮುತ್ತುವ ಬಿಸಿ ಕಾಡು. ಇಂಥ ನಾಡಿನಲ್ಲಿ ತುರಿಬಿಯುಸ್ ಹೇಸರಗತ್ತೆಯ ಮೇಲೆ, ದಾರಿ ಕಡಿದಾದಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸಿದರು. ಮೊದಲ ದೊಡ್ಡ ಪ್ರವಾಸವೇ 1584ರಿಂದ ಸುಮಾರು ಆರು ವರ್ಷ ನಡೆಯಿತು. ಅವರು ಒಟ್ಟು ಕ್ರಮಿಸಿದ ದಾರಿ 40,000 ಕಿಲೋಮೀಟರ್ ಎಂದು ಚರಿತ್ರಕಾರರು ಲೆಕ್ಕ ಹಾಕುತ್ತಾರೆ.

1597ರಲ್ಲಿ ಕೀವೆಸ್ ಎಂಬ ಗಣಿ ಹಳ್ಳಿಗೆ ಬಂದಾಗ ದೃಢೀಕರಣಕ್ಕೆ ಮೂವರೇ ಮಕ್ಕಳು ಸೇರಿದ್ದರೆಂದು ಪರಂಪರೆ ಹೇಳುತ್ತದೆ. ಮೂವರಿಗಾಗಿ ಇಷ್ಟು ದೂರ ಬರಬೇಕಿತ್ತೇ ಎಂದು ನಮಗನ್ನಿಸಬಹುದು. ಅವರಲ್ಲಿ ಒಬ್ಬಳು ಹನ್ನೊಂದು ವರ್ಷದ ಹುಡುಗಿ. ಆಕೆಯೇ ಮುಂದೆ ಅಮೆರಿಕ ಖಂಡಗಳ ಮೊದಲ ಸಂತಳಾದ ಲೀಮಾದ ಸಂತ ರೋಸಾ!

ಬೆಂಕಿಬೆಟ್ಟಗಳೂ ಆ ನಾಡಿನವೇ. 1600ರ ಫೆಬ್ರವರಿ 19ರಂದು ದಕ್ಷಿಣ ಪೆರುವಿನ ವೈನಾಪುತಿನಾ ಜ್ವಾಲಾಮುಖಿ ಸಿಡಿಯಿತು. ದಕ್ಷಿಣ ಅಮೆರಿಕದ ಲಿಖಿತ ಇತಿಹಾಸದಲ್ಲಿ ಅಷ್ಟು ದೊಡ್ಡ ಸ್ಫೋಟ ಇನ್ನೊಂದಿಲ್ಲ. ಅದರ ಸದ್ದು ಲೀಮಾದವರೆಗೂ ಕೇಳಿಸಿತು. ಕಡಲಲ್ಲಿ ಹಡಗುಗಳ ಯುದ್ಧವೆಂದು ಅಲ್ಲಿನ ಜನ ಭಾವಿಸಿದರು. ಆಗ ಕುಸ್ಕೊ ಧರ್ಮಪ್ರಾಂತ್ಯಕ್ಕೆ ಸೇರಿದ್ದ ಅರೆಕಿಪಾ ನಗರದ ಮೇಲೆ ದಿನಗಟ್ಟಲೆ ಬೂದಿ ಸುರಿಯಿತು. ಜ್ವಾಲಾಮುಖಿಯ ಬಿಳಿಕಲ್ಲಿನಲ್ಲೇ ಕಟ್ಟಿದ ಆ ನಗರದ ದೇವಾಲಯಗಳನ್ನು ನೋಡಲು ಇಂದು ಲೋಕವೇ ಹೋಗುತ್ತದೆ. 2000ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ತುರಿಬಿಯುಸ್ ಕಟ್ಟಿದ್ದು ಮಾತ್ರ ಕಲ್ಲಿನಲ್ಲಲ್ಲ. ಕೊನೆಯ ಪ್ರವಾಸದಲ್ಲಿ ಜ್ವರ ಹಿಡಿದರೂ ನಿಲ್ಲದೆ ಉತ್ತರದ ಸಾನ್ಯಾ ಪಟ್ಟಣ ತಲುಪಿದರು. ತಮ್ಮಲ್ಲಿದ್ದುದನ್ನೆಲ್ಲ ಆಳುಗಳಿಗೂ ಬಡವರಿಗೂ ಹಂಚಿ, 1606ರ ಮಾರ್ಚ್ 23ರ ಪವಿತ್ರ ಗುರುವಾರ, ಅಲ್ಲಿನ ಅಗಸ್ಟೀನ್ ಸಭೆಯ ಮಠದಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ 67 ವರ್ಷ. 1726ರಲ್ಲಿ ಸಂತ ಪದವಿ ದೊರೆಯಿತು. ಸಾನ್ಯಾ ಪಟ್ಟಣವನ್ನು 1686ರಲ್ಲಿ ಕಡಲ್ಗಳ್ಳರು ದೋಚಿದರು, 1720ರಲ್ಲಿ ನೆರೆ ಕೊಚ್ಚಿಹಾಕಿತು. ಈಗ ಅಲ್ಲಿ ಮಠದ ಹಾಳುಗೋಡೆಗಳು ನಿಂತಿವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಓದುಗರೇ. ಸಾನ್ಯಾ ಇರುವುದು ಇಂದಿನ ಚಿಕ್ಲಾಯೋ ಧರ್ಮಪ್ರಾಂತ್ಯದಲ್ಲಿ. 2015ರಿಂದ 2023ರವರೆಗೆ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದು ಹಳ್ಳಿ ಹಳ್ಳಿ ಸುತ್ತಿದ ಅಗಸ್ಟೀನ್ ಸಭೆಯ ಗುರುಗಳೇ, 2025ರ ಮೇ 8ರಂದು ಜಗದ್ಗುರುಗಳಾಗಿ ಆಯ್ಕೆಯಾದ ಹದಿನಾಲ್ಕನೇ ಲಿಯೋ.

ನಿಮ್ಮ ಧರ್ಮಕೇಂದ್ರದಲ್ಲೂ ಪೂಜೆಗೆ ಬರಲಾಗದ ಮುದುಕರೊಬ್ಬರು, ಮುನಿಸಿಕೊಂಡು ದೂರವಾದ ಮನೆಯೊಂದು ಇದ್ದೀತು. ಬರಲಿ ಎಂದು ಕಾಯುವಿರೋ, ನೀವೇ ಎದ್ದು ಹೋಗುವಿರೋ? ಈ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಆ ಮನೆಯ ಬಾಗಿಲು ತಟ್ಟಿ. ದಾರಿ ಬಹಳ ದೂರವೇನಿಲ್ಲ.