ಸರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್: ಕಿರಣಗಳನ್ನು ಪೋಲುಮಾಡದ ವಿಜ್ಞಾನಿ

ಅಡಿಕೆ ಮರದಿಂದ ಬಿದ್ದವರನ್ನು, ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನು ಆಸ್ಪತ್ರೆಗೆ ಒಯ್ದರೆ, ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕೆಂದು ವೈದ್ಯರು ಹೇಳುವುದು ನಮಗೆಲ್ಲ ಪರಿಚಿತ. ಆಗ ಮನೆಯವರ ಮನಸ್ಸಿನಲ್ಲಿ ಎರಡು ಅಳುಕು ಏಳುವುದುಂಟು. ತಲೆಬುರುಡೆಯ ಒಳಗೆ ರಕ್ತ ಸೋರಿದೆಯೋ ಏನೋ ಎಂಬುದು ಒಂದು. ಪೆಟ್ಟಾದದ್ದು ಮಗುವಿಗಾದರೆ, ಈ ಕ್ಷ-ಕಿರಣಗಳಿಂದಲೇ ಮುಂದೆ ಕೇಡಾದೀತೇ ಎಂಬುದು ಇನ್ನೊಂದು. ಎರಡೂ ಸಹಜವಾದವೇ. ಈ ಯಂತ್ರವನ್ನು ನಿರ್ಮಿಸಿಕೊಟ್ಟ ಮಹನೀಯರ ಬಾಳನ್ನು ಅರಿತರೆ ಎರಡಕ್ಕೂ ಸಮಾಧಾನದ ದಾರಿ ಕಾಣುತ್ತದೆಂದು ನಮಗೆ ತೋರುತ್ತದೆ. ಅವರೇ ಇಂಗ್ಲೆಂಡಿನ ಸರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್.

ಹೌನ್ಸ್‌ಫೀಲ್ಡರು 1919ರ ಆಗಸ್ಟ್ 28ರಂದು ನಾಟಿಂಗ್‌ಹ್ಯಾಂಶೈರ್ ಪ್ರಾಂತದ ಒಂದು ಕೃಷಿಕ ಕುಟುಂಬದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಹೊಲದ ಯಂತ್ರಗಳೇ ಇವರ ಆಟದ ಸಾಮಾನು. ಬಣವೆಯ ಮೇಲಿನಿಂದ ಸ್ವಂತವಾಗಿ ಕಟ್ಟಿದ ರೆಕ್ಕೆಗಳೊಡನೆ ಹಾರಲು ಹೋಗಿ ಪ್ರಾಣಕ್ಕೇ ಕುತ್ತು ತಂದುಕೊಳ್ಳುವುದರಲ್ಲಿದ್ದರು. ಶಾಲೆಯಲ್ಲಿ ಗಣಿತ, ಭೌತಶಾಸ್ತ್ರಗಳ ಹೊರತು ಬೇರಾವ ವಿಷಯದಲ್ಲೂ ಅವರಿಗೆ ಆಸಕ್ತಿ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಸೇನೆಯನ್ನು ಸೇರಿ ರೇಡಾರ್ ವಿದ್ಯೆಯನ್ನು ಕಲಿತರು, ಇತರರಿಗೂ ಕಲಿಸಿದರು. ಅಲ್ಲಿ ಅವರ ಕೈಚಳಕವನ್ನು ಕಂಡ ಮೇಲಧಿಕಾರಿಯೊಬ್ಬರ ನೆರವಿನಿಂದ ಯುದ್ಧಾನಂತರ ಲಂಡನ್ನಿನ ಫ್ಯಾರಡೆ ಹೌಸ್ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗಿನ ಡಿಪ್ಲೊಮಾ ಪಡೆದರು. ವಿಶ್ವವಿದ್ಯಾನಿಲಯದ ಪದವಿ ಅವರಿಗೆ ಇರಲಿಲ್ಲವೆಂಬುದು ಗಮನಾರ್ಹ.

1951ರಲ್ಲಿ ಅವರು ಇ.ಎಂ.ಐ. ಕಂಪೆನಿಯನ್ನು ಸೇರಿದರು. ನಾಯಿಯ ಚಿತ್ರದ ಗ್ರಾಮಫೋನ್ ತಟ್ಟೆಗಳಿಂದ ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ಸಂಸ್ಥೆಯೇ ಇದು. ರೇಡಾರಿನ ಕೆಲಸದ ಬಳಿಕ, 1958ರ ವೇಳೆಗೆ, ಪೂರ್ತಿ ಟ್ರಾನ್ಸಿಸ್ಟರುಗಳಿಂದ ಕೂಡಿದ ಗಣಕಯಂತ್ರವನ್ನು ನಿರ್ಮಿಸಿದ ತಂಡಕ್ಕೆ ಅವರು ಮುಖಂಡರಾಗಿದ್ದರು. ಅನಂತರ ಕೈಗೊಂಡ ಯೋಜನೆಯೊಂದನ್ನು ಕಂಪೆನಿ ಕೈಬಿಟ್ಟಿತು. ಮುಂದೇನು ಮಾಡಬೇಕೆಂದು ಸ್ವತಃ ಯೋಚಿಸಿ ತಿಳಿಸುವಂತೆ ಅವರಿಗೇ ಬಿಡಲಾಯಿತು. ಆ ಬಿಡುವಿನಲ್ಲಿ, 1967ರಲ್ಲಿ, ಜಗತ್ತಿನ ವೈದ್ಯಕೀಯವನ್ನೇ ಬದಲಾಯಿಸಿದ ಯೋಚನೆ ಹೊಳೆಯಿತು.

ಆವರೆಗೆ ಮಿದುಳನ್ನು ನೋಡುವ ದಾರಿ ಬಲು ಕಷ್ಟದ್ದಾಗಿತ್ತು. ಸಾಮಾನ್ಯ ಎಕ್ಸ್‌ರೇ ಫಿಲ್ಮಿನಲ್ಲಿ ಬುರುಡೆಯ ಎಲುಬು ಕಾಣುತ್ತಿತ್ತೇ ಹೊರತು ಒಳಗಿನ ಮಿದುಳು ಕಾಣುತ್ತಿರಲಿಲ್ಲ. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ, ಮಿದುಳಿನ ಕುಹರಗಳಿಗೆ ಗಾಳಿ ತುಂಬಿಸಿ ಚಿತ್ರ ತೆಗೆಯುತ್ತಿದ್ದರು. ಅದರಿಂದ ರೋಗಿಗೆ ಆಗುತ್ತಿದ್ದ ತಲೆನೋವು, ವಾಂತಿ ಅಷ್ಟಿಷ್ಟಲ್ಲ. ಹೌನ್ಸ್‌ಫೀಲ್ಡರು ಇದನ್ನು ಇಂಜಿನಿಯರನ ಕಣ್ಣಿನಿಂದ ನೋಡಿದರು. ದೇಹವನ್ನು ಹಾದುಬಂದ ಕಿರಣಗಳು ಒಳಗಿನ ಎಷ್ಟೋ ಸುದ್ದಿಯನ್ನು ಹೊತ್ತು ತರುತ್ತವೆ. ಫಿಲ್ಮು ಅದರ ಬಹುಭಾಗವನ್ನು ಒಂದರ ಮೇಲೊಂದು ಹೇರಿ ಹಾಳುಮಾಡುತ್ತದೆ. ಹಲವು ದಿಕ್ಕುಗಳಿಂದ ತೆಳ್ಳಗಿನ ಕಿರಣ ಹಾಯಿಸಿ, ಪ್ರತಿಯೊಂದನ್ನೂ ಅಳೆದು, ಗಣಕಯಂತ್ರದಿಂದ ಲೆಕ್ಕ ಮಾಡಿಸಿದರೆ ಒಳಗಿನ ಒಂದು ಹೋಳಿನ ಚಿತ್ರವನ್ನೇ ಕಟ್ಟಬಹುದೆಂದು ಅವರು ಕಂಡುಕೊಂಡರು. ಹೆಚ್ಚು ಕಿರಣ ಸುರಿಯುವುದಲ್ಲ, ಬಂದ ಕಿರಣವನ್ನು ಪೋಲುಮಾಡದಿರುವುದು, ಇದೇ ಆ ಸಂಶೋಧನೆಯ ತಿರುಳು.

ಮೊದಲ ಪ್ರಯೋಗ ಹಳೆಯ ಲೇತ್ ಯಂತ್ರದ ಚೌಕಟ್ಟಿನ ಮೇಲೆ ನಡೆಯಿತು. ಅಮೆರಿಶಿಯಂ ಧಾತುವಿನ ಗಾಮಾ ಕಿರಣಗಳನ್ನು ಬಳಸಿದ್ದರಿಂದ, ಅವು ತೀರಾ ಮಂದವಾಗಿದ್ದು, ಒಂದೇ ಚಿತ್ರಕ್ಕೆ 9 ದಿನ ಹಿಡಿಯಿತು. ಲೆಕ್ಕಕ್ಕೆ ಮತ್ತೆ ಎರಡೂವರೆ ಗಂಟೆ. ಎಕ್ಸ್‌ರೇ ಕೊಳವೆ ಜೋಡಿಸಿದ ಮೇಲೆ 9 ದಿನ 9 ಗಂಟೆಗೆ ಇಳಿಯಿತು. ಕಸಾಯಿಖಾನೆಯಿಂದ ಎತ್ತಿನ ಮಿದುಳು ತರಿಸಿ ಪರೀಕ್ಷಿಸಿದರು.

ಮಂದ ಕಿರಣಕ್ಕೆ ಅಷ್ಟು ಕಾಲ ಏಕೆ ಬೇಕಾಯಿತು? ಮುಂಗಾರಿನ ಮೊದಲ ಹನಿಗಳು ಅಂಗಳದಲ್ಲಿ ಬಿದ್ದಾಗ ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣುತ್ತದೆ. ಮಳೆ ಸುರಿದ ಮೇಲೆ ಅಂಗಳವೆಲ್ಲ ಒಂದೇ ಸಮನೆ ಒದ್ದೆಯಾಗುತ್ತದೆ. ಕಿರಣಗಳೂ ಹಾಗೆಯೇ. ಕಡಮೆಯಾದರೆ ಚಿತ್ರದಲ್ಲಿ ಚುಕ್ಕೆ ಚುಕ್ಕೆಯ ಕಲಬೆರಕೆ. ಆ ಕಲಬೆರಕೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ಕಿರಣವನ್ನು ನಾಲ್ಕು ಪಟ್ಟು ಕೊಡಬೇಕಾಗುತ್ತದೆ. ಚಿತ್ರದ ಸ್ಪಷ್ಟತೆಗೂ ರೋಗಿಯ ಸುರಕ್ಷತೆಗೂ ನಡುವಿನ ಜಗ್ಗಾಟ ಇದೇ.

1971ರ ಅಕ್ಟೋಬರ್ 1ರಂದು ದಕ್ಷಿಣ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ವೈದ್ಯ ಜೇಮ್ಸ್ ಆಂಬ್ರೋಸರ ನೇತೃತ್ವದಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಲಾಯಿತು. ಮಿದುಳಿನಲ್ಲಿ ಗಡ್ಡೆಯಿರುವ ಶಂಕೆಯಿದ್ದ ಮಹಿಳೆ ಆಕೆ. ಚಿತ್ರದಲ್ಲಿ ಗಡ್ಡೆ ಕಂಡಿತು. ಶಸ್ತ್ರಕ್ರಿಯೆ ನಡೆಸಿದಾಗ ಅದು ಚಿತ್ರದಲ್ಲಿ ಕಂಡಂತೆಯೇ ಇತ್ತು. ಮರುವರ್ಷ ಈ ಸಂಗತಿ ಜಗತ್ತಿಗೆ ತಿಳಿಯಿತು. ಚಿತ್ರದ ಪ್ರತಿ ಬಿಂದುವಿಗೂ ಒಂದು ಅಂಕಿ ಕೊಡುವ ಅಳತೆಗೋಲಿಗೆ ಇಂದಿಗೂ ಅವರದೇ ಹೆಸರು: ನೀರಿಗೆ 0, ಗಾಳಿಗೆ ಮೈನಸ್ 1000.

1979ರ ನೊಬೆಲ್ ಪಾರಿತೋಷಕ ಅವರಿಗೂ ಅಲನ್ ಕಾರ್ಮ್ಯಾಕರಿಗೂ ಜಂಟಿಯಾಗಿ ಸಂದಿತು. ದಕ್ಷಿಣ ಆಫ್ರಿಕದಲ್ಲಿ ಜನಿಸಿದ ಕಾರ್ಮ್ಯಾಕರು ಇದೇ ಸಮಸ್ಯೆಯ ಗಣಿತವನ್ನು 1963, 1964ರಲ್ಲೇ ಪ್ರಕಟಿಸಿದ್ದರು. ಆಗ ಅದನ್ನು ಗಮನಿಸಿದವರು ವಿರಳ. ಹೌನ್ಸ್‌ಫೀಲ್ಡರು ಅದನ್ನರಿಯದೆ ತಮ್ಮದೇ ದಾರಿ ಹಿಡಿದಿದ್ದರು.

ಮುಂದೆ ಯಂತ್ರಗಳು ವೇಗವಾದವು. ನಿಮಿಷಗಳ ಕೆಲಸ ಕ್ಷಣಗಳಿಗೆ ಇಳಿಯಿತು. ಸುಲಭವಾದುದನ್ನು ಮಿತಿಮೀರಿ ಬಳಸುವುದು ಮನುಷ್ಯಸ್ವಭಾವ. ಎಷ್ಟೋ ಕಡೆ ಪುಟ್ಟ ಮಕ್ಕಳಿಗೂ ದೊಡ್ಡವರಿಗೆ ಕೊಡುವಷ್ಟೇ ಕಿರಣ ಕೊಡಲಾಗುತ್ತಿದೆಯೆಂದು 2001ರಲ್ಲಿ ತಜ್ಞರು ಎಚ್ಚರಿಸಿದರು. 2009ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಒಂದು ಆಸ್ಪತ್ರೆಯಲ್ಲಿ, ಯಂತ್ರದ ಹೊಂದಾಣಿಕೆ ತಪ್ಪಿದ್ದರಿಂದ 206 ರೋಗಿಗಳ ತಲೆಗೆ ಬೇಕಾದುದಕ್ಕಿಂತ ಸುಮಾರು 8 ಪಟ್ಟು ವಿಕಿರಣ ತಗಲಿದ್ದು ಬೆಳಕಿಗೆ ಬಂತು. ಕೆಲವರ ಕೂದಲು ಉದುರಿತು. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವು ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ಒಂದೊಂದು ಬಾರಿ ತಲೆಯ ಸ್ಕ್ಯಾನ್ ಮಾಡಿದರೆ, ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಬ್ಬರಿಗೆ ರಕ್ತದ ಕ್ಯಾನ್ಸರ್, ಒಬ್ಬರಿಗೆ ಮಿದುಳಿನ ಗಡ್ಡೆ ಬರಬಹುದೆಂದು ಅಂದಾಜು ಮಾಡಿತು. ಅಪಾಯ ಸಣ್ಣದು, ಆದರೆ ಇಲ್ಲವೆಂದಲ್ಲ.

ಹಾಗೆಂದು ಕಿರಣವನ್ನು ಮನಬಂದಂತೆ ತಗ್ಗಿಸಲೂ ಆಗದು. ಮಿದುಳಿನ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಇರುವ ಅಂತರ ಹತ್ತರ ಆಸುಪಾಸಿನ ಅಂಕಿಗಳು ಮಾತ್ರ. ಪಾರ್ಶ್ವವಾಯುವಿನ ಮೊದಲ ಕುರುಹು ಈ ಅಂತರ ಮಾಸುವುದರಲ್ಲೇ ಇರುತ್ತದೆ. ಚಿತ್ರ ಕಲಬೆರಕೆಯಾದರೆ ಅದು ಕಣ್ಣು ತಪ್ಪಿ, ರೋಗಿಯ ಜೀವಕ್ಕೇ ಸಂಚಕಾರ ಬಂದೀತು.

ಇದಕ್ಕೆ ಪರಿಹಾರ ದೊರೆತದ್ದು ಹೌನ್ಸ್‌ಫೀಲ್ಡರ ಹಳೆಯ ಹಾದಿಯಲ್ಲೇ ಎಂಬುದು ಸ್ವಾರಸ್ಯಕರ. ಆರಂಭದಲ್ಲಿ ಅವರು ಚಿತ್ರವನ್ನು ಮೊದಲು ಊಹಿಸಿ, ಅಳತೆಯೊಡನೆ ಹೋಲಿಸಿ, ಮತ್ತೆ ಮತ್ತೆ ತಿದ್ದುವ ಲೆಕ್ಕವನ್ನು ಅನುಸರಿಸಿದ್ದರು. ಅಂದಿನ ಗಣಕಯಂತ್ರಗಳಿಗೆ ಅದು ನಿಧಾನವಾದ್ದರಿಂದ ಬೇಗ ಮುಗಿಯುವ ಬೇರೆ ವಿಧಾನ ಬಂತು. ಯಂತ್ರಗಳ ಶಕ್ತಿ ಹೆಚ್ಚಿದ ಮೇಲೆ, 2009ರ ಸುಮಾರಿಗೆ, ಪುನಃ ಪುನಃ ತಿದ್ದುವ ಲೆಕ್ಕ ಹೊಸ ರೂಪದಲ್ಲಿ ಮರಳಿತು. ಕಡಮೆ ಕಿರಣದಿಂದಲೂ ಸ್ಪಷ್ಟ ಚಿತ್ರ ತೆಗೆಯಲು ಅದರಿಂದ ಸಾಧ್ಯವಾಯಿತು. ತಲೆಯ ಗಾತ್ರಕ್ಕೆ ತಕ್ಕಂತೆ ಕಿರಣ ತಾನಾಗಿ ಹೊಂದಿಕೊಳ್ಳುವ ಏರ್ಪಾಡು, ಮಕ್ಕಳಿಗೆ ಪ್ರತ್ಯೇಕ ಪ್ರಮಾಣ, ಕಣ್ಣಿನ ಮಸೂರಕ್ಕೆ ಕಿರಣ ತಾಗದಂತೆ ತಲೆಯನ್ನು ಓರೆಮಾಡುವುದು, ಬೇಕಾದಷ್ಟೇ ಭಾಗವನ್ನು ಪರೀಕ್ಷಿಸುವುದು, ಇವೂ ರೂಢಿಗೆ ಬಂದಿವೆ. ದೊಡ್ಡವರ ತಲೆಯ ಒಂದು ಸ್ಕ್ಯಾನಿನಿಂದ ತಗಲುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ಭೂಮಿ, ಆಕಾಶ, ಆಹಾರಗಳಿಂದ ಮನುಷ್ಯನಿಗೆ ಸಹಜವಾಗಿ ತಗಲುವುದೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್.

ಆದುದರಿಂದ ಅಗತ್ಯವೆಂದು ವೈದ್ಯರು ಹೇಳಿದ ಸ್ಕ್ಯಾನಿಗೆ ಹೆದರಿ ಹಿಂಜರಿಯಬಾರದು. ಅಗತ್ಯವಿಲ್ಲದ್ದನ್ನು ನಾವಾಗಿ ಒತ್ತಾಯಿಸಲೂಬಾರದು. ನಮ್ಮ ಜಿಲ್ಲೆಯಿಂದ ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿಗೆ ಹೋಗುವವರು ಇಲ್ಲಿ ತೆಗೆಸಿದ ಸ್ಕ್ಯಾನಿನ ಫಿಲ್ಮು, ವರದಿ, ಸಿ.ಡಿ.ಗಳನ್ನು ಮರೆಯದೆ ಜೊತೆಗೆ ಒಯ್ದರೆ, ಎಷ್ಟೋ ವೇಳೆ ಎರಡನೇ ಸಲದ ಕಿರಣವೂ ಖರ್ಚೂ ಉಳಿಯುತ್ತವೆ.

ಹೌನ್ಸ್‌ಫೀಲ್ಡರು 1981ರಲ್ಲಿ ಸರ್ ಪದವಿ ಪಡೆದರೂ ಕೊನೆಯವರೆಗೆ ಸರಳವಾಗಿಯೇ ಬಾಳಿದರು. ಅವರು ಅವಿವಾಹಿತರು, ಬೆಟ್ಟಗಾಡಿನ ನಡಿಗೆ ಮತ್ತು ಪಿಯಾನೊ ಅವರ ಹವ್ಯಾಸಗಳು. 2004ರ ಆಗಸ್ಟ್ 12ರಂದು, 84ನೇ ವಯಸ್ಸಿನಲ್ಲಿ ನಿಧನ ಹೊಂದಿದರು. ಇದ್ದುದನ್ನು ಪೋಲುಮಾಡದೆ ಅದರಿಂದಲೇ ಹೆಚ್ಚನ್ನು ಪಡೆಯುವುದು ಕೃಷಿಕರ ಮನೆಯ ಗುಣ. ಆ ಗುಣವನ್ನು ಅವರು ಆಸ್ಪತ್ರೆಯ ಯಂತ್ರಕ್ಕೂ ಕಲಿಸಿದರು. ಅದನ್ನು ಉಳಿಸಿಕೊಳ್ಳುವ ಹೊಣೆ ವೈದ್ಯರದೂ ಹೌದು, ನಮ್ಮದೂ ಹೌದು.