ಬೂಟುಗಾಲಿನ ಓಟಗಾರ

ಬೆಳಗಿನ ಜಾವ ಯಲಹಂಕದ ವಾಯುನೆಲೆಯ ಕಡೆಯಿಂದ, ಸಾಲುಗಟ್ಟಿ ಓಡುವ ಯೋಧರ ಹೆಜ್ಜೆಯ ಸಪ್ಪಳ ಕಿವಿಗೆ ಬಿದ್ದಾಗಲೆಲ್ಲ ನನಗೆ ಎಮಿಲ್ ಜಾಟೊಪೆಕ್ಕನ ನೆನಪಾಗುತ್ತದೆ. 1922ರಲ್ಲಿ ಜೆಕೊಸ್ಲೊವಾಕಿಯದ ಬಡಗಿಯೊಬ್ಬನ ಮಗನಾಗಿ ಹುಟ್ಟಿದ ಈತ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದು, ಮಹಾಯುದ್ಧ ಮುಗಿದ 1945ರಲ್ಲಿ ಸೈನ್ಯ ಸೇರಿದ. ದಂಡಿನ ಕೆಲಸದ ನಡುವೆ ಓಟಕ್ಕೆ ಬಿಡುವು ಕಡಮೆ. ಆತ ಬಿಡುವಿಗಾಗಿ ಕಾದು ಕೂರಲಿಲ್ಲ. ಭಾರವಾದ ಬೂಟುಗಳನ್ನು ಮೆಟ್ಟಿಯೇ ಹಿಮದಲ್ಲೂ ಕತ್ತಲಲ್ಲೂ ಓಡಿದ. 400 ಮೀಟರು ಬಿರುಸಿನ ಓಟ, ತುಸು ನಿಧಾನ, ಮತ್ತೆ ಬಿರುಸು. ಹೀಗೆ ದಿನಕ್ಕೆ ಹತ್ತಾರು ಸಲ. ಓಡುವಾಗ ಮುಖ ನೋವಿನಿಂದ ಕಿವುಚುತ್ತಿತ್ತು, ಕಾಲು ತಪ್ಪುತ್ತಿರಲಿಲ್ಲ.

1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಒಂದು ಚಿನ್ನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಎಂಟೇ ದಿನಗಳೊಳಗೆ ಮೂರು. ಮೂರನೆಯದಾದ ಮ್ಯಾರಥಾನನ್ನು ಆತ ಅದುವರೆಗೆ ಓಡಿಯೇ ಇರಲಿಲ್ಲ.

ಕೀರ್ತಿಯೊಡನೆ ಪದವಿಯೂ ಏರಿ ಕರ್ನಲ್ ಆದ. ಆದರೆ 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗಿಗೆ ನುಗ್ಗಿದಾಗ ಬಹಿರಂಗವಾಗಿ ಪ್ರತಿಭಟಿಸಿದ. ಪಕ್ಷ ಹೊರದೂಡಿತು, ಸೈನ್ಯ ಕೈಬಿಟ್ಟಿತು. ನೆಲ ಕೊರೆಯುವ ತಂಡದಲ್ಲಿ ವರ್ಷಗಟ್ಟಲೆ ಮೈಮುರಿದು ದುಡಿದ. ಮುಂದೆ ಒತ್ತಡಕ್ಕೆ ಮಣಿದು ಆಡಿದ ಮಾತನ್ನು ಹಿಂತೆಗೆದುಕೊಂಡನೆಂಬುದೂ ನಿಜ. 1990ರಲ್ಲಿ ಕಳೆದ ಗೌರವ ಮರಳಿತು, 2000ದಲ್ಲಿ ತೀರಿಕೊಂಡ.

ಆ ಒಂದು ಎಡವಿನಿಂದ ಈ ಬಾಳು ನನ್ನ ಕಣ್ಣಿನಲ್ಲಿ ಕಿರಿದಾಗಿಲ್ಲ. ಹೆಜ್ಜೆಯ ಸಪ್ಪಳ ಕೇಳಿದಾಗ, ಓಡಿ ಗೆದ್ದವನಿಗಿಂತ ಮಿಗಿಲಾಗಿ, ಅಂದು ಪ್ರಾಗಿನಲ್ಲಿ ನಿಂತು ಮಾತಾಡಿದವನನ್ನು ನೆನೆಯುತ್ತೇನೆ.