ಕೋಲ್ಟ್‌ನ ಹಿತ್ತಾಳೆ ಮಣಿ

ನಮ್ಮೂರು ಮಾಸೂರು. ಸರ್ವಜ್ಞನ ಹೆಸರಿನ ಜೊತೆ ಕೇಳಿರ್ತೀರಿ. ಅಲ್ಲಿ ಗೋವಿನಜೋಳಕ್ಕೆ ಹಂದಿ ಕಾಟ. ಬೆಳೆ ಕಾಯಲಿಕ್ಕೆ ಲೈಸೆನ್ಸ್ ಪಡೆದ ನಮ್ಮ ಕಾಕಾನ ಬಂದೂಕಿನ ತುದಿಯಲ್ಲಿದ್ದ ಹಿತ್ತಾಳೆ ಮಣಿ ಒಮ್ಮೆ ಉದುರಿಹೋಯ್ತು. ಕಾಳಿನಷ್ಟು ದಪ್ಪ, ಅಷ್ಟೇ. ಅದು ಹೋದಮೇಲೆ ಕಾಕಾ ಬಂದೂಕು ಮುಟ್ಟೋದನ್ನೇ ಬಿಟ್ರು. ಇಷ್ಟು ಸಣ್ಣದಕ್ಕೆ ಇಷ್ಟ್ಯಾಕೆ ಅಂತ ಓದ್ತಾ ಹೋದಾಗ ಸಿಕ್ಕವನು ಸ್ಯಾಮ್ಯುಯೆಲ್ ಕೋಲ್ಟ್.

ಹುಟ್ಟಿದ್ದು 1814ರ ಜುಲೈ 19, ಅಮೆರಿಕದ ಹಾರ್ಟ್‌ಫರ್ಡ್. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಳು. ಶಾಲೆಯಲ್ಲಿ ಪಟಾಕಿ ಪ್ರಯೋಗ ಮಾಡಿ ಎಡವಟ್ಟಾಗಿ, 1830ರಲ್ಲಿ ಕೊರ್ವೊ ಅನ್ನೋ ಹಡಗು ಹತ್ತಿದ. ಆ ಹಡಗು ಹೊರಟಿದ್ದು ನಮ್ಮ ಕಲ್ಕತ್ತಾಕ್ಕೆ! ಹಡಗಿನ ಚಕ್ರ ತಿರುಗಿ ಒಂದೊಂದು ಜಾಗದಲ್ಲಿ ಕಚ್ಚಿಕೊಳ್ಳೋದನ್ನ ನೋಡಿ ರಿವಾಲ್ವರ್ ಹೊಳೀತು ಅಂತ ಕಥೆ. ಕಥೆಯ ಮಾತು ಬಿಡಿ, ಮರದಲ್ಲಿ ಮಾದರಿ ಕೆತ್ತಿದ್ದಂತೂ ಆ ಪ್ರಯಾಣದಲ್ಲೇ. ವಾಪಸ್ ಹೋಗಿ, ಡಾಕ್ಟರ್ ಅಂತ ಸುಳ್ಳು ಹೆಸರಿಟ್ಟುಕೊಂಡು ಊರೂರಲ್ಲಿ ನಗೆ ಅನಿಲದ ಪ್ರದರ್ಶನ ಕೊಟ್ಟ. ಆ ದುಡ್ಡಿನಲ್ಲೇ ಪ್ರೋಟೋಟೈಪ್ ಮಾಡಿಸಿದ. 1836ರಲ್ಲಿ ಪೇಟೆಂಟ್ ಸಿಕ್ಕಿತು. ಪ್ಯಾಟರ್ಸನ್‌ನಲ್ಲಿ ಫ್ಯಾಕ್ಟರಿ ತೆರೆದ, 1842ಕ್ಕೆ ಬಾಗಿಲು ಹಾಕಿದ. ನಮ್ಮ ಸ್ಟಾರ್ಟಪ್ ಭಾಷಣಗಳಲ್ಲಿ ಈ ಆರು ವರ್ಷದ ಮಾತು ಯಾರೂ ಎತ್ತಲ್ಲ.

ಅವನ ರಿವಾಲ್ವರ್ ಸಿಂಗಲ್ ಆ್ಯಕ್ಷನ್. ಅಂದ್ರೆ ಹ್ಯಾಮರನ್ನ ಪ್ರತಿ ಸಲ ಹೆಬ್ಬೆರಳಿನಿಂದ ಹಿಂದಕ್ಕೆಳೀಬೇಕು. ಆಗ ಸಿಲಿಂಡರ್ ಒಂದು ಮನೆ ತಿರುಗಿ ಲಾಕ್ ಆಗುತ್ತೆ. ಟ್ರಿಗರ್‌ನ ಕೆಲಸ ಹ್ಯಾಮರನ್ನ ಬಿಡೋದು ಮಾತ್ರ. 1847ರಲ್ಲಿ ಕ್ಯಾಪ್ಟನ್ ವಾಕರ್ ಕಡೆಯಿಂದ 1000 ರಿವಾಲ್ವರ್‌ಗಳ ಆರ್ಡರ್ ಬಂದಾಗ ಇವನ ಕೈಯಲ್ಲಿ ಫ್ಯಾಕ್ಟರಿಯೇ ಇರಲಿಲ್ಲ. ಇನ್ನೊಬ್ಬರ ಶೆಡ್ಡಿನಲ್ಲಿ ಮಾಡಿಸಿಕೊಟ್ಟ. ಅಲ್ಲಿಂದ ಏರಿದ.

ಈಗ ಮಣಿಯ ವಿಷಯಕ್ಕೆ ಬರ್ತೀನಿ. 1851ರ ನೇವಿ ಮಾದರಿಯಲ್ಲಿ ನಳಿಗೆಯ ತುದಿಗೆ ಸಣ್ಣ ಹಿತ್ತಾಳೆ ಮಣಿ, ಅದೇ ಫ್ರಂಟ್ ಸೈಟ್. ಹಿಂದಿನ ಸೈಟ್ ಎಲ್ಲಿ? ಹ್ಯಾಮರಿನ ಮೂಗಿನ ಮೇಲೆ ಕೊರೆದ ಒಂದು ಗೀರು! ಹ್ಯಾಮರ್ ಎಳೆದಾಗ ಮಾತ್ರ ಕಣ್ಣಿಗೆ ಬೀಳುತ್ತೆ. ಖರ್ಚಿನ ಲೆಕ್ಕಕ್ಕೆ ಭೇಷ್ ಅನ್ನಬೇಕು. ಆದ್ರೆ ಮೆಕ್ಯಾನಿಕಲ್‌ನವರಿಗೆ ಹೇಳಬೇಕಿಲ್ಲ, ಅಳತೆಯ ಆಧಾರವನ್ನೇ ಅಲುಗಾಡೋ ಭಾಗದ ಮೇಲೆ ಇಟ್ರೆ ಏನಾಗುತ್ತೆ ಅಂತ. ಹ್ಯಾಮರಿನ ಪಿನ್ ಸವೆದಷ್ಟೂ ಗುರಿ ಜರುಗ್ತದೆ.

ಇನ್ನೊಂದು ತಕರಾರು: ಹತ್ತಿರದ ಗುರಿಗೆ ಇಟ್ರೆ ಗುಂಡು ಮೇಲಕ್ಕೆ ಬೀಳ್ತಿತ್ತು. ಪರಿಹಾರ ಶಾಲೆಯ ಗಣಿತದ ಸಮರೂಪ ತ್ರಿಭುಜ. ಎರಡು ಸೈಟ್‌ಗಳ ನಡುವೆ 200 ಮಿ.ಮೀ. ಇದೆ, 25 ಮೀಟರ್‌ನಲ್ಲಿ ಗುಂಡು 100 ಮಿ.ಮೀ. ಮೇಲೆ ಬೀಳ್ತಿದೆ ಅನ್ಕೊಳ್ಳಿ. 100ನ್ನು 200ರಿಂದ ಗುಣಿಸಿ 25000ದಿಂದ ಭಾಗಿಸಿದ್ರೆ 0.8. ಮುಂದಿನ ಮಣಿಯನ್ನ 0.8 ಮಿ.ಮೀ. ಹೆಚ್ಚು ಎತ್ತರದ್ದು ಹಾಕಿದ್ರೆ ಸರಿ. ಗುಂಡು ಕೆಳಗೆ ಬೀಳ್ತಿದ್ರೆ ಅರದಿಂದ ಉಜ್ಜಿ ತಗ್ಗಿಸಬೇಕು. ಮೊದಲ ಸಲ ಇದು ಉಲ್ಟಾ ಅನ್ಸುತ್ತೆ, ಚಿತ್ರ ಬರೆದು ನೋಡ್ರಿ. ಅರ ಹಿಡಿದವನು ಒಂದು ಮರೀಬಾರದು: ಉಜ್ಜಿದ ಲೋಹ ವಾಪಸ್ ಬರಲ್ಲ.

ಕೋಲ್ಟ್ ಹಾರ್ಟ್‌ಫರ್ಡ್‌ನಲ್ಲಿ ದೊಡ್ಡ ಫ್ಯಾಕ್ಟರಿ ಕಟ್ಟಿದ. ಎಲೈಷಾ ರೂಟ್ ಎಂಬ ಮಹಾ ಯಂತ್ರಜ್ಞನನ್ನ ತಂದು ಕೂರಿಸಿದ. ಬಿಡಿಭಾಗಗಳನ್ನೆಲ್ಲ ಯಂತ್ರವೇ ಮಾಡ್ತದೆ ಅಂತ ಜಾಹೀರಾತು. ಕೊನೆಗೆ ಕೂಡಿಸೋವಾಗ ಅರ ಹಿಡಿದ ಮನುಷ್ಯ ಬೇಕೇ ಆಗ್ತಿದ್ದ. ಹೊಳೆ ನುಗ್ಗದಂತೆ ಏರಿ ಹಾಕಿಸಿ, ಅದರ ಮಣ್ಣು ಹಿಡಿಯಲಿ ಅಂತ ವಿಲೋ ಗಿಡ ನೆಡಿಸಿದ. ಮದಗ-ಮಾಸೂರು ಕೆರೆಯ ಏರಿ ನೋಡಿ ಬೆಳೆದವನಿಗೆ ಅವನ ಕೆಲಸಗಳಲ್ಲಿ ಇದೇ ಹೆಚ್ಚು ಇಷ್ಟ.

ಉಳಿದದ್ದು ಅಷ್ಟು ಇಷ್ಟ ಆಗಲ್ಲ. ಅಂತರ್ಯುದ್ಧ ಶುರುವಾಗೋ ತನಕ ಅವನು ಗುಲಾಮಗಿರಿಯ ದಕ್ಷಿಣಕ್ಕೂ ಮಾರಿದ. ಲಂಡನ್ನಿನಲ್ಲೂ ಕೆಲವು ವರ್ಷ ಫ್ಯಾಕ್ಟರಿ ನಡೆಸಿದ. 1857ರಲ್ಲಿ ಇಲ್ಲಿದ್ದ ಕೆಲವು ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿ ಕೋಲ್ಟ್ ಇತ್ತು. ಅದೇ ವರ್ಷ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಹತಾರ ಒಪ್ಪಿಸಲ್ಲ ಅಂದಿದ್ದಕ್ಕೆ ಊರು ಸುಟ್ಟರು, 19 ಜನರನ್ನ ಗಲ್ಲಿಗೇರಿಸಿದರು. ಹಾರ್ಟ್‌ಫರ್ಡ್‌ನ ಲೆಕ್ಕದ ಪುಸ್ತಕದಲ್ಲಿ ಹಲಗಲಿಗೆ ಜಾಗವಿಲ್ಲ.

1862ರ ಜನವರಿ 10ಕ್ಕೆ, 47ನೇ ವಯಸ್ಸಿನಲ್ಲಿ, ಕೋಲ್ಟ್ ಸತ್ತ. ಎಲ್ಲರಿಗೂ ಗೊತ್ತಿರೋ ಸಿಂಗಲ್ ಆ್ಯಕ್ಷನ್ ಆರ್ಮಿ ಬಂದದ್ದು 1873ರಲ್ಲಿ, ಅವನು ನೋಡಲೇ ಇಲ್ಲ. ಸಿಲಿಂಡರಿನ ಮೇಲೆ ಗಟ್ಟಿ ಪಟ್ಟಿ ಇರಬೇಕು ಅಂತ ಸೈನ್ಯ ಪಟ್ಟು ಹಿಡಿದಿತ್ತು. ಹಿಂದಿನ ಸೈಟಿನ ಗೀರು ಹ್ಯಾಮರ್ ಬಿಟ್ಟು ಆ ಪಟ್ಟಿಗೆ ಬಂತು. ಮುಂದೆ ಮಣಿಯ ಬದಲು ತೆಳ್ಳನೆಯ ಅಲಗು, ನಳಿಗೆಗೇ ಬೆಸುಗೆ. ಅದನ್ನ ಎತ್ತರಿಸೋದು, ಉಜ್ಜೋದು ಮಾತ್ರ ಇವತ್ತಿಗೂ ಅದೇ ಲೆಕ್ಕದಲ್ಲಿ ನಡೀತದೆ.

ಕಾಕಾ ಲೈಸೆನ್ಸ್ ಇರೋ ಅಂಗಡಿಯಲ್ಲಿ ಹೊಸ ಮಣಿ ಕೂಡಿಸಿಕೊಂಡು ಬಂದ್ರು. ಹಂದಿಗಳೇನೂ ಕಮ್ಮಿ ಆಗಿಲ್ಲ.